ಸೋಮವಾರಗಳ ಶೇಷ

ಕೊಟ್ಟೂರಿನ ಗುರುಬಸಮ್ಮನ ಗಿರಣಿಯ ಹಿಟ್ಟು ಎಷ್ಟು ನುಣುಪೆಂದರೆ, ಬೀಸಿಸಿಕೊಂಡು ಹೊರಟವರು ಡಬ್ಬಿಯ ಮುಚ್ಚಳ ಮರೆತರೆ ಮನೆ ಮುಟ್ಟುವಷ್ಟರಲ್ಲಿ ಅರ್ಧ ಹಿಟ್ಟು ಕೂಡ್ಲಿಗಿ ತಾಲ್ಲೂಕಿನ ಮೋಡಗಳ ಪಾಲಾಗುತ್ತಿತ್ತು. ನಮ್ಮ ಕಡೆ ಮೋಡ ಬೆಳ್ಳಗಿದ್ದೂ ಮಳೆ ಸುರಿಸದಿರುವುದಕ್ಕೆ ಅದೇ ಕಾರಣವೆಂದು ಬಲ್ಲವರು ಹೇಳುತ್ತಾರೆ. ಬಲ್ಲವರಲ್ಲಿ ನಾನೂ ಒಬ್ಬ.

ಆದರೆ ಆ ಹಿಟ್ಟು ಆಗಬೇಕಾದರೆ ಕರೆಂಟು ಬೇಕು. ತೊಂಬತ್ತರ ದಶಕದ ಕರೆಂಟೋ, ಹೊಸ ಅಳಿಯನಿದ್ದ ಹಾಗೆ. ಬರುವ ಹೊತ್ತು ಹೇಳುವುದಿಲ್ಲ. ಬಂದರೆ ಮನೆಮಂದಿಯೆಲ್ಲ ಎದ್ದು ನಿಲ್ಲಬೇಕು. ಇನ್ನೇನು ಕೂತ ಎನ್ನುವಾಗ ಮುನಿಸಿಕೊಂಡು ಹೋಗಿಬಿಡುವುದು. ಹೀಗಾಗಿ ಗಿರಣಿಯ ಮುಂದೆ ಜೋಳದ ಡಬ್ಬಿಗಳ ಸಾಲು ಸದಾ ಇರುತ್ತಿತ್ತು. ಬೆಳಿಗ್ಗೆ ಸಾಲಿನಲ್ಲಿ ನಿಂತ ಹೆಣ್ಣುಮಗಳು ಸರದಿ ಬರುವಷ್ಟರಲ್ಲಿ ಅಜ್ಜಿಯಾದ ಉದಾಹರಣೆಯನ್ನು ನಾನು ಕಣ್ಣಾರೆ ಕಂಡಿಲ್ಲ, ಕೇಳಿದ್ದೇನೆ.

ಆ ಸಾಲಿನವರ ಕಣ್ಣು ಹೋಗಿ ನಿಲ್ಲುತ್ತಿದ್ದುದು ಮೋಟಾರಿನ ಮೇಲಿನ ಗೋಡೆಗೆ. ಅಲ್ಲಿ ಸೀಮೆಸುಣ್ಣದಲ್ಲಿ, ಮೊಳದುದ್ದ ಅಕ್ಷರದಲ್ಲಿ ಒಂದು ಸಂಖ್ಯೆ: ೧೨೩೪೫೬೭೮೯೧. ಓದಲು ಉಸಿರಿದ್ದವರು ಓದಿಕೊಳ್ಳಬಹುದು: ನೂರ ಇಪ್ಪತ್ತಮೂರು ಕೋಟಿ ನಲವತ್ತೈದು ಲಕ್ಷದ ಅರವತ್ತೇಳು ಸಾವಿರದ ಎಂಟುನೂರ ತೊಂಬತ್ತೊಂದು. ವರ್ಷಕ್ಕೊಮ್ಮೆ ಗೋಡೆಗೆ ಸುಣ್ಣ ಹೊಡೆದಾಗ ಅದು ಮುಚ್ಚಿಹೋಗುವುದು. ಸುಣ್ಣ ಆರುವ ಮೊದಲೇ ಗುರುಬಸಮ್ಮ ಸ್ಟೂಲು ಹತ್ತಿ ಮತ್ತೆ ಬರೆಯುವಳು. ಗಂಡ ಕೊಟ್ರಬಸಪ್ಪ ಬೆಲ್ಟು ಹಾಕುವುದು, ಕಲ್ಲು ಹೊಂದಿಸುವುದು ಬಿಟ್ಟರೆ ಮತ್ತೊಂದಕ್ಕೆ ಬಾಯಿ ಹಾಕುವವನಲ್ಲ. ಅವನ ಪಾಲಿಗೆ ಅದು ಗೋಡೆ, ಇದು ಹೆಂಡತಿ.

ಗುರುಬಸಮ್ಮ ಹುಟ್ಟಿದ್ದು ಹರಪನಹಳ್ಳಿ ತಾಲ್ಲೂಕಿನ ನೀಲಗುಂದದಲ್ಲಿ. ಏಳನೇ ಇಯತ್ತೆಯಲ್ಲಿ ಆಕೆಯ ಬಾಯಿ ತಡೆಯಲಾರದೆ ಮೇಷ್ಟರು ಒಂದು ದಿನ, "ಯಾರಿಂದಲೂ ಭಾಗಿಸೋಕೆ ಆಗದ ದೊಡ್ಡ ಸಂಖ್ಯೆ ಒಂದು ಬರಿ, ಅಲ್ಲೀತನಕ ಮಾತಾಡಬೇಡ" ಎಂದರಂತೆ. ಅವಳು ಒಂದರಿಂದ ಒಂಬತ್ತರವರೆಗೆ ಬರೆದಳು. ಸ್ಲೇಟಿನಲ್ಲಿ ಇನ್ನೂ ಜಾಗ ಉಳಿದಿತ್ತು, ಕೊನೆಗೊಂದು ಒಂದನ್ನೂ ಇಟ್ಟಳು. ಮೇಷ್ಟರು ಎರಡರಿಂದ ಹಿಡಿದು ಭಾಗಿಸುತ್ತ ಹೋದರು. ಮೂರಕ್ಕೆ ಒಂದು ಉಳಿಯಿತು, ಏಳಕ್ಕೆ ನಾಲ್ಕು, ಹನ್ನೊಂದಕ್ಕೆ ಏಳು, ಹದಿಮೂರಕ್ಕೆ ಹನ್ನೊಂದು. ಗಂಟೆ ಬಾರಿಸಿತು. "ನಾಳೆ ನೋಡೋಣ" ಎಂದರು. ಆ ನಾಳೆ ಅವಳಿಗೆ ನಿಶ್ಚಿತಾರ್ಥ. ಶಾಲೆ ಅಲ್ಲಿಗೆ ಮುಗಿಯಿತು, ಸಂಖ್ಯೆ ಮುಗಿಯಲಿಲ್ಲ. ಹದಿಮೂರರ ಹುಡುಗಿ ಸೀರೆ ಉಟ್ಟು ಕೊಟ್ಟೂರಿಗೆ ಬಂದಾಗ ತವರಿನಿಂದ ತಂದ ಸಾಮಾನಿನಲ್ಲಿ ಅತ್ತೆಯ ಕಣ್ಣಿಗೆ ಬೀಳದ್ದು ಅದೊಂದೇ. ಕೊನೆಯವರೆಗೂ ನೋಡಿ ಮುಗಿಸಬೇಕು, ಅದು ಭಾಗವಾಗುವುದೋ ಇಲ್ಲವೋ ತಾನೇ ನೋಡಿ ಹೇಳಬೇಕು. ಇಷ್ಟೇ ಅವಳಿಗೆ ಬೇಕಾಗಿದ್ದುದು.

ತೊಂಬತ್ತನಾಲ್ಕರ ಡಿಸೆಂಬರಿನಲ್ಲಿ ಊರಿನ ಕಾಲೇಜಿಗೆ ಗಣಿತ ಕಲಿಸಲು ಹೊಸದಾಗಿ ಬಂದಿದ್ದ ಸೋಮಶೇಖರ್ ಎಂಬ ಒಂಟಿ ಪ್ರಾಣಿ, ಕೈಯಲ್ಲಿ ಐದು ಸೇರು ಗೋಧಿ ಹಿಡಿದು ಗಿರಣಿಗೆ ಬಂದರು. ಕರೆಂಟು ಇರಲಿಲ್ಲ. ಗೋಡೆ ಇತ್ತು.

"ಅಕ್ಕಾರ, ಇದೇನ್ರಿ, ಯಾರ್ದಾರ ಫೋನ್ ನಂಬರೇನು?"

"ಫೋನಲ್ರಿ ಸರ. ಇದು ಭಾಗ ಆಗದಿರೋ ನಂಬರು."

"ಆಗೋದಿಲ್ಲಂತ ಯಾರು ಹೇಳ್ಯಾರ?"

"ಇಪ್ಪತ್ತೆರಡು ವರ್ಷದಿಂದ ಇದೇ ಗೋಡಿ ಮ್ಯಾಲೈತಿ. ಇಷ್ಟು ಮಂದಿ ಬಂದು ಹೋಗ್ಯಾರ, ಒಬ್ರೂ ಭಾಗಿಸಿಲ್ಲ."

"ಯಾರೂ ಭಾಗಿಸಿಲ್ಲ ಅನ್ನೋದು ಬ್ಯಾರೆ, ಭಾಗಿಸಾಕ ಆಗೋದೇ ಇಲ್ಲ ಅನ್ನೋದು ಬ್ಯಾರೆ. ನನಗ ಇನ್ನಾ ಕನ್ಯಾ ಸಿಕ್ಕಿಲ್ಲ. ಹಂಗಂತ ಸಿಗೋದೇ ಇಲ್ಲಂತ ಗೋಡಿ ಮ್ಯಾಲೆ ಬರೀತೀರೇನು?"

ಸಾಲಿನಲ್ಲಿ ಡಬ್ಬಿಯ ಮೇಲೆ ಕೂತಿದ್ದ ಹುಲುಗೇಶ್, ಹಡಗಲಿ ಬಸ್ಸಿನ ಕಂಡಕ್ಟರು, ರಜೆಯ ದಿನವೂ ಸುಮ್ಮನಿರಲಾರದವನು, "ಬರ್ದುಬಿಡ್ರಿ ಅಕ್ಕಾರ, ಕೆಳಗ ಜಾಗ ಐತಿ" ಎಂದ.

ಎಲ್ಲರೂ ನಕ್ಕರು. ಗುರುಬಸಮ್ಮ ನಗಲಿಲ್ಲ. ಇಪ್ಪತ್ತೆರಡು ವರ್ಷ ತಾನು ಗೊತ್ತೆಂದುಕೊಂಡದ್ದು ಗೊತ್ತಿಲ್ಲದ್ದಾಗಿತ್ತು.

"ಹಂಗಾದ್ರ ಎಷ್ಟು ಮಂದೀನ್ನ ಕೇಳ್ಬೇಕ್ರಿ ಸರ?" ಎಂದಳು. ಮಂದಿಯೆಂದರೆ ಸಂಖ್ಯೆಗಳು.

ಕಲಿಸುವವರಿಗೆ ಯಾರಾದರೂ ಕೇಳುವವರು ಸಿಕ್ಕರೆ ಸಾಕು. ಸೋಮಶೇಖರ್ ಗೋಧಿ ಕೆಳಗಿಟ್ಟರು. "ಭಾಜಕಗಳು ಒಂಟಿ ಬರೋದಿಲ್ರಿ ಅಕ್ಕಾರ, ಜೋಡೀಲೆ ಬರ್ತಾವ. ಹದಿನೈದರ ಮನಿಗೆ ಮೂರು ಬಂತು ಅಂದ್ರ ಹಿಂದ ಐದೂ ಬರ್ತೈತಿ. ಜೋಡ್ಯಾಗ ಎರಡೂ ದೊಡ್ಡವು ಇರಾಕ ಆಗೋದಿಲ್ಲ, ಒಂದಾರ ಸಣ್ಣದಿರಬೇಕು. ನಿಮ್ಮ ನಂಬರಿನ ವರ್ಗಮೂಲದ ಮಟ, ಅಂದ್ರ ಮೂವತ್ತೈದು ಸಾವಿರದ ನೂರಾ ಮೂವತ್ತಾರರ ಮಟ, ಕೇಳಿದ್ರ ಸಾಕು. ಅಲ್ಲೀತನಕ ಸಣ್ಣದು ಸಿಗಲಿಲ್ಲಂದ್ರ ದೊಡ್ಡದೂ ಇಲ್ಲ. ಅದ್ರಾಗೂ ಎಲ್ಲಾರ್ನೂ ಕೇಳಬ್ಯಾಡ್ರಿ. ಎರಡರಿಂದ ಆಗದ್ದು ನಾಕರಿಂದ ಆಗೋದಿಲ್ಲ, ಆರರಿಂದ ಆಗೋದಿಲ್ಲ. ತಾವೂ ಭಾಗ ಆಗದಿರೋ ಅವಿಭಾಜ್ಯ ಅದಾವಲ್ಲ, ಅವನ್ನಷ್ಟ ಕೇಳ್ರಿ. ಮೂರು ಸಾವಿರದ ಏಳುನೂರಾ ಚಿಲ್ಲರ ಆಗ್ತಾವ."

ಅವರು ಮಾಡಿದ ತಪ್ಪು ಇದೊಂದೇ. "ಕೋಟಿಗಟ್ಟಲೆ ಕೇಳಬೇಕು" ಎಂದಿದ್ದರೆ ಅವಳು ಕೈಬಿಡುತ್ತಿದ್ದಳು. ಮೂರು ಸಾವಿರದ ಏಳುನೂರು ಎಂದರೆ ಗಿರಣಿಯವಳಿಗೆ ಎಷ್ಟು ಮಹಾ?

ಮೊದಲು ಅವಿಭಾಜ್ಯಗಳ ಪಟ್ಟಿ ಬೇಕಿತ್ತು. ಆಗಷ್ಟೇ ಚುನಾವಣೆ ಮುಗಿದು ಊರಿನ ಗೋಡೆಗಳ ಮೇಲೆ ಅಭ್ಯರ್ಥಿಗಳು ಕೈ ಮುಗಿದು ಜೋತಾಡುತ್ತಿದ್ದರು. ಗುರುಬಸಮ್ಮ ಅವರನ್ನು ಬಿಡಿಸಿ ತಂದು ಮಗ್ಗುಲು ಹೊರಳಿಸಿ, ಗೆದ್ದವರ ಬೆನ್ನು, ಸೋತವರ ಬೆನ್ನು ಎಂಬ ಭೇದವಿಲ್ಲದೆ ಒಂದರಿಂದ ಮೂವತ್ತೈದು ಸಾವಿರದ ನೂರ ಮೂವತ್ತಾರರವರೆಗೆ ಬರೆದಳು. ಆಮೇಲೆ ಜರಡಿ ಹಿಡಿಯುವ ಕೆಲಸ. ಎರಡನ್ನು ಬಿಟ್ಟು ಎರಡೆರಡಕ್ಕೆ ಗೀಟು, ಮೂರನ್ನು ಬಿಟ್ಟು ಮೂರ್ಮೂರಕ್ಕೆ ಗೀಟು, ಐದಕ್ಕೆ, ಏಳಕ್ಕೆ. ಗೀಟು ಬಿದ್ದದ್ದು ಹೊಟ್ಟು, ಉಳಿದದ್ದು ಕಾಳು. ಆ ಪ್ರಜಾಪ್ರತಿನಿಧಿಗಳಿಂದ ಜನಕ್ಕೆ ಅಷ್ಟು ಉಪಯೋಗವಾದದ್ದು ಅದೊಂದೇ ಸಲ.

ಹೊಸ ವರ್ಷಕ್ಕೆ ಬೀಜದ ಅಂಗಡಿಯವರು ದಿನಕ್ಕೊಂದು ಚೀಟಿ ಹರಿಯುವ ಕ್ಯಾಲೆಂಡರು ಕೊಟ್ಟಿದ್ದರು. ಅದನ್ನು ಬೋರಲು ಹಾಕಿಕೊಂಡು, ಒಂದೊಂದು ಚೀಟಿಯ ಬೆನ್ನಿಗೆ ಹತ್ತು ಹತ್ತು ಭಾಜಕ ಬರೆದಳು. ಜನವರಿ ಒಂದಕ್ಕೆ ಎರಡರಿಂದ ಇಪ್ಪತ್ತೊಂಬತ್ತು, ಎರಡಕ್ಕೆ ಮೂವತ್ತೊಂದರಿಂದ ಎಪ್ಪತ್ತೊಂದು, ಹೀಗೆ. ವರ್ಷ ಸಾಲದೆ ಉಳಿದವಕ್ಕೆ, ಮರುವರ್ಷದ ಕ್ಯಾಲೆಂಡರು ಬಂದಾಗ ಅದರ ಮೊದಲ ಹತ್ತು ಚೀಟಿ. ಬೆನ್ನಿನ ಕಡೆ ವಾರದ ಹೆಸರು ಇರುವುದಿಲ್ಲ, ಇದನ್ನು ಓದುಗರು ನೆನಪಿಡಬೇಕು. ಗುರುಬಸಮ್ಮ ಇಡಲಿಲ್ಲ.

ಬೆಳಿಗ್ಗೆ ಸ್ನಾನ ಮಾಡಿ ಬಂದು ಚೀಟಿ ಹರಿಯುವುದು ಅತ್ತೆ ಗಿಡ್ಡಮ್ಮನ ಹಕ್ಕು. ಆ ಹಕ್ಕಿಗೆ ಕೈ ಹಾಕಿದವರು ಆ ಮನೆಯಲ್ಲಿ ಬದುಕಿ ಉಳಿದಿಲ್ಲ. ಹರಿದ ಚೀಟಿಯನ್ನು ಚಹಾದ ಬಟ್ಟಲ ಜೊತೆ ಸೊಸೆಗೆ ಕೊಡುವಳು. ಸೊಸೆ ಗಿರಣಿಗೆ ಬಂದು ಕರೆಂಟಿಲ್ಲದ ಹೊತ್ತಿನಲ್ಲಿ ಭಾಗಿಸಲು ಕೂರುವಳು.

ಮೊದಲು ಒಬ್ಬಳೇ. ಆಮೇಲೆ ಕಾದು ಬೇಸತ್ತವರು, "ನಮಗೊಂದು ಕೊಡ್ರಿ" ಎಂದರು. ಹುಲುಗೇಶ್ ಟಿಕೆಟಿನ ಹಿಂದೆ ಭಾಗಿಸಿದ. ಹಡಗಲಿಯಿಂದ ಮಲ್ಲಿಗೆ ತರುತ್ತಿದ್ದ ಹೆಂಗಸರು ಬುಟ್ಟಿ ಇಳಿಸಿ ಭಾಗಿಸಿದರು. ಊರಿನಲ್ಲಿ ಮಾತೇ ಬದಲಾಯಿತು. "ಊಟ ಆತಾ?" ಎನ್ನುವ ಬದಲು, "ನಂದು ಸಾವಿರದ ಎರಡು ಉಳೀತು, ನಿಂದೆಷ್ಟು?" ಎನ್ನುವ ಕಾಲ ಬಂತು. ಕರೆಂಟು ಬಂದರೂ, "ತಡೀರಿ, ಇನ್ನೆರಡು ಅಂಕಿ ಅದಾವ" ಎಂದು ಮೋಟಾರು ನಿಲ್ಲಿಸಿದವರುಂಟು. ಆದರೆ ಯಾರು ಮಾಡಿಕೊಟ್ಟರೂ ಗುರುಬಸಮ್ಮ ಇನ್ನೊಮ್ಮೆ ತಾನೇ ಭಾಗಿಸಿ ನೋಡುವಳು. ಬೀಸಿದ ಹಿಟ್ಟನ್ನು ಬೆರಳಿನಲ್ಲಿ ಉಜ್ಜಿ ನೋಡದೆ ಡಬ್ಬಿಗೆ ತುಂಬಿದವಳಲ್ಲ ಅವಳು. ಸರಿ ಕಂಡರೆ ಮಾತ್ರ ನೋಟ್‌ಬುಕ್ಕಿಗೆ.

ಹೊರಗಿನವರಿಗೆ ಇದು ಆಟ. ಅವಳಿಗಿದ್ದ ಪುಕಪುಕ ಬೇರೆ. ಯಾವ ದಿನವಾದರೂ ಸೊನ್ನೆ ಉಳಿಯಬಹುದಿತ್ತು. ಮೂರು ಸಾವಿರ ಸಲ 'ಇಲ್ಲ' ಎಂದ ಸಂಖ್ಯೆ ಮುಂದಿನ ಸಲ 'ಹೂಂ' ಅಂದುಬಿಟ್ಟರೆ ಆ ಮೂರು ಸಾವಿರಕ್ಕೆ ಬೆಲೆಯಿಲ್ಲ. ಪಕ್ಕದ ಮನೆಯ ೧೨೩೪೫೬೭೮೯೦ ನೋಡಿ, ಎಂಥ ದಾನಿ. ಎರಡು ಬಂದರೆ ಹಂಚಿತು, ಮೂರು ಬಂದರೆ ಹಂಚಿತು, ಐದು, ಆರು, ಒಂಬತ್ತು, ಹತ್ತು, ಇವರಲ್ಲಿ ಯಾರನ್ನೂ ಬರಿಗೈಲಿ ಕಳಿಸಿದ್ದಿಲ್ಲ. ಗೋಡೆಗೆ ಗೋಡೆ ಹಚ್ಚಿಕೊಂಡ ಇದು ಬಾಗಿಲನ್ನೇ ತೆಗೆಯದು. ಸಂಖ್ಯೆಗಳಿಗೆ ನೆರೆಹೊರೆಯ ಗುಣ ಅಂಟುವುದಿಲ್ಲ.

ತೊಂಬತ್ತಾರರ ಜನವರಿ ಹತ್ತಕ್ಕೆ ಕೊನೆಯ ಚೀಟಿ ಮುಗಿಯಿತು. ಸೊನ್ನೆ ಎಲ್ಲೂ ಬಂದಿರಲಿಲ್ಲ. ಸೋಮಶೇಖರ್ ಅವರಿಗೆ ಸುದ್ದಿ ಮುಟ್ಟಿತು. ಕಾಲೇಜಿನ ಗಣಿತ ಸಂಘದ ಸಭೆಯಲ್ಲಿ ಆಕೆಯೇ ನಿಂತು ಇದನ್ನು ಹೇಳಬೇಕೆಂದು ಹಟ ಹಿಡಿದರು. ಗಿರಣಿಗೆ ರಜೆ ಸೋಮವಾರ ಮಾತ್ರ, ಸಭೆಯನ್ನೂ ಸೋಮವಾರಕ್ಕೇ ಇಟ್ಟರು. ಹಿಂದಿನ ದಿನ, ಭಾನುವಾರ ಸಂಜೆ, ಪ್ರದರ್ಶನಕ್ಕೆಂದು ನೋಟ್‌ಬುಕ್ಕು ಒಯ್ಯಲು ಮನೆಗೆ ಬಂದರು. ಮೊದಲ ಹಾಳೆ ನೋಡಿದರು. ಮಗುಚಿದರು. ಮತ್ತೆ ಹಿಂದಕ್ಕೆ ಬಂದರು.

"ಅಕ್ಕಾರ, ಮೂವತ್ತೊಂದು ಎಲ್ಲೈತ್ರಿ?"

"ಅಲ್ಲೇ ಇರಬೇಕು ನೋಡ್ರಿ ಸರ."

"ಇಪ್ಪತ್ತೊಂಬತ್ತು ಆದ ಮ್ಯಾಲೆ ನೇರ ಎಪ್ಪತ್ತಮೂರು ಐತಿ. ನಡುವಿನ ಹತ್ತು ಇಲ್ಲ."

ಗುರುಬಸಮ್ಮ ಗೋಡೆಗೆ ತೂಗುಹಾಕಿದ್ದ ಹಳೆ ಕ್ಯಾಲೆಂಡರಿನ ರಟ್ಟಿನ ಕಡೆ ನೋಡಿದಳು. ಹೋದ ವರ್ಷದ ಜನವರಿ ಎರಡು. ಬೆರಳು ಮಡಚಿದಳು. ಸೋಮವಾರ.

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಆ ಮನೆಯಲ್ಲಿ ಗಿರಣಿಯ ಕಲ್ಲೂ ಎತ್ತಿನ ಸಮ. ಸೋಮವಾರ ಅದನ್ನು ತೊಳೆದು, ವಿಭೂತಿ ಹಚ್ಚಿ, ಕಾಯಿ ಒಡೆದು ಬಿಡುವರು. ಭಾಗಾಕಾರವೂ ಗಿರಣಿಯ ಕೆಲಸವೇ ಆದ್ದರಿಂದ ಅದಕ್ಕೂ ಅಂದು ಬಿಡುವು. ಗಿರಣಿ ಇಲ್ಲದ ದಿನ ಗಿಡ್ಡಮ್ಮ ಚೀಟಿಯನ್ನು ಸೊಸೆಗೆ ಯಾಕೆ ಕೊಟ್ಟಾಳು? ಕಲ್ಲಿನ ಪೂಜೆಯ ವಿಭೂತಿಯನ್ನು ಅದರಲ್ಲೇ ಪೊಟ್ಟಣ ಕಟ್ಟಿ ಓಣಿಯವರಿಗೆ ಕೊಡುತ್ತಿದ್ದಳು. ಮಂಗಳವಾರ ಸೊಸೆ ಹೊಸ ಚೀಟಿ ಹಿಡಿದು ಮುಂದುವರಿಯುತ್ತಿದ್ದಳು. ಒಂದು ವರ್ಷದಲ್ಲಿ ಐವತ್ತೆರಡು ಸೋಮವಾರ, ಹೊಸ ವರ್ಷದಲ್ಲಿ ಎರಡು. ಐನೂರ ನಲವತ್ತು ಭಾಜಕಗಳು ಪ್ರಸಾದವಾಗಿ ಊರಿನ ಹಣೆಗೆ ಸೇರಿದ್ದವು.

ಗಿಡ್ಡಮ್ಮನ ಮುಖ ಸಣ್ಣದಾಯಿತು. "ನನಗೇನು ಗೊತ್ತವ್ವಾ? ಹಾಳಿ ಹಿಂದ ಇರಿವಿ ಹರಿದಂಗ ಇತ್ತು. ಏನೋ ಲೆಕ್ಕ ಅಂದ್ಕೊಂಡೆ."

"ನಿಮ್ದೇನು ತಪ್ಪಿಲ್ಲ ಬಿಡ್ರಿ ಅತ್ತಿ" ಎಂದಳು ಗುರುಬಸಮ್ಮ. ಆದರೆ ದನಿ ನೆಲ ಕಚ್ಚಿತ್ತು.

ಸೋಮಶೇಖರ್ ಆಚೀಚೆ ನೋಡಿ ಕುರ್ಚಿ ಹತ್ತಿರ ಎಳೆದುಕೊಂಡರು. ಕಾಲೇಜಿಗೆ ಆ ವರ್ಷ ಒಂದು ಕಂಪ್ಯೂಟರು ಬಂದಿತ್ತು. ಪ್ರಿನ್ಸಿಪಾಲರಿಗೂ ಇಲ್ಲದ ಹೊಸ ಫ್ಯಾನು ಅದಕ್ಕಿತ್ತು. ಒಳಗೆ ಹೋಗುವವರು ಚಪ್ಪಲಿ ಬಿಟ್ಟು, ಕೆಲವರು ಕೈಯನ್ನೂ ಮುಗಿದು ಹೋಗುತ್ತಿದ್ದರು. "ಅಕ್ಕಾರ, ನಾ ಹೋದ ವಾರ ಅದಕ್ಕ ಕೇಳೀನಿ. ಕಣ್ಣು ಪಿಳಕಿಸೋದ್ರಾಗ ಹೇಳ್ತು. ನಿಮ್ಮ ನಂಬರು ಅವಿಭಾಜ್ಯನ ಐತಿ. ನಾಳೆ ಧೈರ್ಯಾಲೆ ನೋಡೀನಿ ಅನ್ರಿ. ಮಾತು ಖರೇನ ಐತಲ್ಲ."

"ನಂಬರು ಖರೆ ಐತ್ರಿ ಸರ. 'ನೋಡೀನಿ' ಅನ್ನೋದು ಸುಳ್ಳಾಗ್ತೈತಿ."

"ಯಾರು ಕೇಳ್ತಾರ್ರಿ?"

"ಅದು ನಿಮಗ ಹೇಳೇತಿ. ನನಗೇನು ಹೇಳಿಲ್ಲಲ್ಲ."

ಸೋಮಶೇಖರ್ ನೋಟ್‌ಬುಕ್ಕನ್ನು ಅವಳ ಮುಂದೆ ಸರಿಸಿದರು. ಅವಳು ಪೋಸ್ಟರುಗಳನ್ನು ಹರವಿ, ತಪ್ಪಿದ ಐನೂರ ನಲವತ್ತನ್ನೂ ಪಟ್ಟಿ ಮಾಡಲು ಕೂತಳು.

ಮರುದಿನ ಸಭೆಯಲ್ಲಿ ನೂರ ಎಂಬತ್ತು ವಿದ್ಯಾರ್ಥಿಗಳು. ಮುಂದಿನ ಸಾಲಿನಲ್ಲಿ ಇಳಕಲ್ ಸೀರೆಯ ಗಿಡ್ಡಮ್ಮ. ಗುರುಬಸಮ್ಮ ಮೈಕಿನಿಂದ ಒಂದು ಮಾರು ದೂರ ನಿಂತು, "ನಾ ಎಲ್ಲಾ ನೋಡೀನಿ ಅಂತ ನಿಮ್ಮ ಸರ ಹೇಳ್ಯಾರ. ಪೂರಾ ನೋಡಿಲ್ಲ. ಸೋಮವಾರದವು ಉಳದಾವ" ಎಂದಳು. ಹಿಂದಿನಿಂದ ಯಾರೋ, "ಎಷ್ಟು ಉಳದಾವ್ರಿ?" ಎಂದರು. "ಐನೂರ ನಲವತ್ತು." "ಹಂಗಾದ್ರ ತಲಿಗೆ ಮೂರು ಬಂತಲ್ರಿ, ಕೊಡ್ರಿ ಇತ್ತಾಗ!"

ಭಾಷಣ ತಪ್ಪುವುದಾದರೆ ನಮ್ಮ ಹುಡುಗರು ಬೆಟ್ಟ ಅಗೆಯಲೂ ಸಿದ್ಧ. ಬೆಂಚುಗಳ ಮೇಲೆ ಪೆನ್ನು ಓಡಿದ ಸದ್ದಿಗೆ ಹೊರಗೆ ನಿಂತವರು ಮಳೆ ಬಂತೆಂದು ಒಣಹಾಕಿದ ಬಟ್ಟೆ ಎಳೆದುಕೊಂಡರು. ಅರ್ಧ ತಾಸು ಕಳೆದಿರಬೇಕು. ನಾಲ್ಕನೇ ಸಾಲಿನಲ್ಲಿ ಅರುಣಕುಮಾರ್ ಎಂಬ ಹುಡುಗ ಎದ್ದು ನಿಂತ. ಮುಖ ಸುಣ್ಣವಾಗಿತ್ತು.

"ಸರ... ನಂದು ಸೊನ್ನಿ ಬಂತು."

ಪೆನ್ನುಗಳೆಲ್ಲ ನಿಂತವು.

"ಯಾವುದಕ್ಕ?"

"ಮೂರು ಸಾವಿರದ ಆರುನೂರಾ ಏಳು. ಎರಡು ಸಲ ಮಾಡೀನ್ರಿ. ಎರಡೂ ಸಲ ಸೊನ್ನಿ."

ಅದು ಹೋದ ವರ್ಷದ ಫೆಬ್ರವರಿ ಇಪ್ಪತ್ತರ ಚೀಟಿಯದು. ಸೋಮವಾರದ್ದು. ಸೋಮಶೇಖರ್ ಮೇಜು ಹಿಡಿದು ನಿಂತರು. ಕಂಪ್ಯೂಟರು ಸುಳ್ಳು ಹೇಳಿತೇ ಎಂದು ಅವರಿಗೆ ಚಿಂತೆ. ಗುರುಬಸಮ್ಮನಿಗೆ ಬೇರೆ. ಮೂರು ಸಾವಿರದ ಇನ್ನೂರು ಭಾಗಾಕಾರಗಳು ಅವಳ ಬೆನ್ನ ಹಿಂದೆ ಒಂದೊಂದಾಗಿ ಕುಸಿಯುತ್ತಿದ್ದವು. ಅವಳು ನೇರ ಬೋರ್ಡಿನ ಹತ್ತಿರ ಹೋಗಿ ಸೀಮೆಸುಣ್ಣ ಎತ್ತಿಕೊಂಡಳು.

"ಗುರುಬಸೀ, ಇವತ್ತು ಸೋಮವಾರ ಐತವ್ವಾ!" ಎಂದು ಗಿಡ್ಡಮ್ಮ ಮುಂದಿನ ಸಾಲಿನಿಂದ ಕೂಗಿದಳು.

ಅವಳ ಕೈ ನಿಂತಿತು. ಇಪ್ಪತ್ತಮೂರು ವರ್ಷ ಒಂದು ಸೋಮವಾರವೂ ಆ ಕೈ ಕಲ್ಲಿನ ಕೆಲಸಕ್ಕೆ ಎದ್ದಿರಲಿಲ್ಲ.

"ಕಲ್ಲಿಗೆ ರಜಾ ಐತಿ ಅತ್ತಿ" ಎಂದಳು, ತಿರುಗದೆ. "ನನಗಲ್ಲ."

ಗಿಡ್ಡಮ್ಮನಿಗೆ ವರ್ಷವಿಡೀ ಕಟ್ಟಿದ ಪೊಟ್ಟಣಗಳು ಕಣ್ಣಮುಂದೆ ಬಂದಿರಬೇಕು. "ಹಂಗಾದ್ರ ಒಂದ ಸಲ ಮಾ‌ಡಬ್ಯಾಡ" ಎಂದಳು, "ಎರಡು ಸಲ ಮಾಡಿ ನೋಡು."

ಬೋರ್ಡಿನ ಮೇಲೆ ಭಾಗಾಕಾರ ಇಳಿಯತೊಡಗಿತು. ಭಾಗಲಬ್ಧ ಮೂವತ್ತನಾಲ್ಕು ಸಾವಿರದ ಇನ್ನೂರ ಇಪ್ಪತ್ತೇಳು ಬಂತು. ಹುಡುಗನದೂ ಅಷ್ಟೇ ಬಂದಿತ್ತು. ಕಳೆದಾಗ ಸೊನ್ನೆ. ಅವಳು ಮೇಲೆ ನೋಡಿದಳು. ಇಳಿಸಬೇಕಾದ ಅಂಕಿ ಇನ್ನೂ ಒಂದಿತ್ತು, ಕೊನೆಯ ಒಂದು. ಇಳಿಸಿದಳು. ಒಂದರೊಳಗೆ ಮೂರು ಸಾವಿರದ ಆರುನೂರ ಏಳು ಹೋಗುವುದಿಲ್ಲ. ಶೇಷ ಒಂದು.

ಹುಡುಗನ ಹಾಳೆ ತರಿಸಿ ನೋಡಿದರೆ, ಬರೆದುಕೊಳ್ಳುವಾಗ ಕೊನೆಯ ಅಂಕಿಯನ್ನೇ ಬಿಟ್ಟಿದ್ದ. ಒಂದರಿಂದ ಒಂಬತ್ತರವರೆಗಿನ ೧೨೩೪೫೬೭೮೯ ಈ ಮೂರು ಸಾವಿರದ ಆರುನೂರ ಏಳಕ್ಕೆ ಎರಡು ತೋಳು ಚಾಚಿ ಬಾಗಿಲು ತೆರೆಯುತ್ತದೆ. ಅದರ ಬೆನ್ನಿಗೆ ಒಂದೇ ಒಂದು 'ಒಂದು' ಬಂದು ನಿಂತರೆ ಅಗುಳಿ ಬೀಳುತ್ತದೆ. ಗುರುಬಸಮ್ಮ ಮತ್ತೊಮ್ಮೆ ಮೊದಲಿನಿಂದ ಭಾಗಿಸಿದಳು. ಮತ್ತೆ ಒಂದು.

"ಏನಪಾ ಅರುಣಾ, ಒಂದು ಅಂಕಿ ನುಂಗಿ ನಮ್ಮ ಜೀವಾನ ನುಂಗಿದ್ಯಲ್ಲೋ" ಎಂದರು ಸೋಮಶೇಖರ್. ಅವರ ಅಂಗಿ ಹಿಂಡಿದರೆ ಒಂದು ಕೊಡ ನೀರು ಬರುತ್ತಿತ್ತು.

ಸಂಜೆ ನಾಲ್ಕಕ್ಕೆ ಐನೂರ ನಲವತ್ತೂ ಮುಗಿದವು. ಇನ್ನೆಲ್ಲೂ ಸೊನ್ನೆ ಬರಲಿಲ್ಲ. ಸೋಮಶೇಖರ್ ಮೈಕು ಹಿಡಿದು ಗಂಟಲು ಸರಿಪಡಿಸಿಕೊಂಡರು. ಗುರುಬಸಮ್ಮ ಅವರ ತೋಳಿನ ಹತ್ತಿರ ಬಂದು ಮೆಲ್ಲಗೆ, "ಈಗ ಹೇಳಬ್ಯಾಡ್ರಿ ಸರ" ಎಂದಳು. "ಹುಡುಗ್ರು ಚೊಲೋ ಮಾಡ್ಯಾರ. ಖರೆ, ಒಂದಂಕಿ ಬಿಡೋದು ಎಷ್ಟು ಸಸಾರ ಅಂತ ಈಗಷ್ಟ ನೋಡಿದ್ವಿ. ನಾ ಇನ್ನಾ ನೋಡಿಲ್ಲ." ಹೀಗಾಗಿ ಕೊಟ್ಟೂರಿನ ಇತಿಹಾಸದಲ್ಲಿ ಏನನ್ನೂ ಘೋಷಿಸದೆ ಮುಗಿದ ಏಕೈಕ ಸಭೆ ಅದಾಯಿತು. ನೂರ ಎಂಬತ್ತು ಹಾಳೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಅತ್ತೆ ಸೊಸೆ ನಡೆದೇ ಮನೆಗೆ ಹೋದರು.

ಆಮೇಲೆ ದಿನಕ್ಕೆ ಹತ್ತು, ಹನ್ನೆರಡು. ಸೋಮವಾರಗಳಂದು ಗಿಡ್ಡಮ್ಮ ಕಲ್ಲಿಗೆ ವಿಭೂತಿ ಹಚ್ಚಿ, ಸೊಸೆಯ ಮುಂದೆ ತಾನೇ ಹಾಳೆ ತಂದಿಡುತ್ತಿದ್ದಳು. ವಿಭೂತಿ ಕಟ್ಟಲು ಹಳೆ ಪಂಚಾಂಗ ಹರಿದಳೇ ಹೊರತು, ಬರೆದ ಯಾವ ಕಾಗದವನ್ನೂ ಎರಡೂ ಮಗ್ಗುಲು ತೋರಿಸಿ ಕೇಳದೆ ಮುಟ್ಟಲಿಲ್ಲ.

ಯುಗಾದಿಗೆ ಮುಂಚಿನ ಒಂದು ಶುಕ್ರವಾರ, ಹನ್ನೊಂದು ಗಂಟೆಯ ಬಿಸಿಲು. ಗಿರಣಿಯಲ್ಲಿ ಎಂದಿನಂತೆ ಕರೆಂಟಿಲ್ಲ, ನಲವತ್ತು ಡಬ್ಬಿ, ಹತ್ತಾರು ಜನ. ಗುರುಬಸಮ್ಮ ಕೊನೆಯ ಹಾಳೆಯ ಕೊನೆಯ ಭಾಗಾಕಾರಕ್ಕೆ ಅಡ್ಡಗೆರೆ ಎಳೆದು, ಶೇಷಕ್ಕೆ ಸುತ್ತು ಹಾಕಿ, ಎದ್ದು ನಿಂತಳು. ಜನ ತಲೆ ಎತ್ತಿದರು. ಅವಳು ಬಾಯಿ ತೆರೆದಳು.

ಆಗಲೇ ಕರೆಂಟು ಬಂತು. ಕೊಟ್ರಬಸಪ್ಪನಿಗೆ ಕರೆಂಟು ಬಂದಾಗ ಕಿವಿ ಇರುವುದಿಲ್ಲ, ಕೈ ಮಾತ್ರ ಇರುತ್ತದೆ. ಮೋಟಾರು ಗುಡುಗಿತು, ಕಲ್ಲು ತಿರುಗಿತು, ಮೇಲಿನ ತಗಡು ನಡುಗಿತು. ಗುರುಬಸಮ್ಮ ನಿಲ್ಲಿಸಲಿಲ್ಲ. ಇಪ್ಪತ್ತನಾಲ್ಕು ವರ್ಷ ಕಾದ ಮಾತನ್ನು ಅವಸರವಿಲ್ಲದೆ, ಪೂರ್ತಿಯಾಗಿ, ಒಂದೊಂದು ಪದಕ್ಕೂ ತುಟಿ ಬಿಡಿಸಿ ಹೇಳಿದಳು. ಯಾರಿಗೂ ಒಂದಕ್ಷರ ಕೇಳಲಿಲ್ಲ. ಗಿಡ್ಡಮ್ಮ ಕಿವಿಗೆ ಕೈ ಹಿಡಿದು ಹತ್ತಿರ ಹೋದಳು. ಸೊಸೆ ಬಗ್ಗಿ ಅವಳ ಕಿವಿಯಲ್ಲಿ ಇನ್ನೊಮ್ಮೆ ಹೇಳಿ, ಹೊರಳಿ ಮೊದಲ ಡಬ್ಬಿಯ ಜೋಳವನ್ನು ಮೇಲೆ ಸುರಿದಳು.

"ಏನಂತಬೇ ಆಯೀ?" ಎಂದು ಹುಲುಗೇಶ್ ಕೂಗಿದ.

"ಎಲ್ಲಾ ನೋಡ್ಯಾಳಂತ!" ಎಂದು ಗಿಡ್ಡಮ್ಮ ಅವನಿಗಿಂತ ಜೋರಾಗಿ ಕೂಗಿದಳು. "ಆಗೋದಿಲ್ಲಂತ! ಡಬ್ಬಿ ಮುಂದ ತಳ್ಳೋ, ಕರೆಂಟು ಹೋಗ್ತೈತಿ!"